ಜಾಡು ಹಿಡಿಯುವ ನಾಯಿಯೋ, ಗಾಳಿ ಮೂಸುವ ನಾಯಿಯೋ?

ಶೋಧ ಮತ್ತು ರಕ್ಷಣಾ ಕೆಲಸಕ್ಕೆ ನಾಯಿಯನ್ನು ಪಳಗಿಸಲು ಹೊರಟವರು ಮೊದಲು ಆರಿಸಬೇಕಾದದ್ದು ತಳಿಯನ್ನಲ್ಲ, ವಿದ್ಯೆಯನ್ನು.

ಜಾಡು ಹಿಡಿಯುವ ನಾಯಿ ಒಬ್ಬರ ವಾಸನೆಯನ್ನಷ್ಟೇ ಹಿಂಬಾಲಿಸುತ್ತದೆ. ಕಾಣೆಯಾದವರ ದಿಂಬಿನ ಕವರನ್ನೋ ಕಾಲುಚೀಲವನ್ನೋ ಮೂಸಲು ಕೊಟ್ಟು, ಉದ್ದನೆಯ ಹಗ್ಗ ಹಿಡಿದು ಅದರ ಹಿಂದೆ ನಡೆಯಬೇಕು. ಹತ್ತಾರು ಜನ ಓಡಾಡಿದ ಬೀದಿಯಲ್ಲೂ ಒಂದೇ ಎಳೆಯನ್ನು ಬಿಡಿಸಿಕೊಂಡು ಹೋಗುವುದು ಅದರ ಹೆಚ್ಚುಗಾರಿಕೆ. ಬ್ಲಡ್‌ಹೌಂಡ್ ಇದರಲ್ಲಿ ಎತ್ತಿದ ಕೈ. ಆದರೆ ಆ ಬಟ್ಟೆಯನ್ನು ಮನೆಮಂದಿಯೆಲ್ಲ ಮುಟ್ಟಿದ್ದರೆ, ವ್ಯಕ್ತಿ ಎಲ್ಲಿಂದ ಹೊರಟರೆಂದೇ ತಿಳಿಯದಿದ್ದರೆ ನಾಯಿಯ ಕೆಲಸ ಬಹಳ ಕಠಿಣವಾಗುತ್ತದೆ.

ಗಾಳಿ ಮೂಸುವ ನಾಯಿಗೆ ಬಟ್ಟೆಯೂ ಬೇಡ, ಹಗ್ಗವೂ ಬೇಡ. ಗಾಳಿಯಲ್ಲಿ ತೇಲಿಬರುವ ಯಾವುದೇ ಮನುಷ್ಯನ ವಾಸನೆ ಸಾಕು. ಕಾಡು, ಬೆಟ್ಟ, ಕುಸಿದ ಕಟ್ಟಡದ ಅವಶೇಷ ಇದರ ಕ್ಷೇತ್ರ. ನಾಗಾಲೋಟದಲ್ಲಿದ್ದ ನಾಯಿ ತಟ್ಟನೆ ಕತ್ತು ಹೊರಳಿಸಿ, ಮೂಗೆತ್ತಿ, ಗಾಳಿಗೆ ಎದುರಾಗಿ ನುಗ್ಗುವ ಆ ಗಳಿಗೆಯಲ್ಲಿ ನೋಡುವವರ ಎದೆಯೂ ಜೋರಾಗಿ ಬಡಿದುಕೊಳ್ಳುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಬಾರ್ಡರ್ ಕೋಲಿ ಇದಕ್ಕೆ ಹೊಂದುತ್ತವೆ. ತೊಡಕೆಂದರೆ, ಹುಡುಕಾಟದ ಜಾಗದಲ್ಲಿ ಬೇರೆಯವರು ತುಂಬಿದ್ದರೆ ಅದು ಅವರನ್ನೂ ಪತ್ತೆ ಮಾಡುತ್ತದೆ. ಗಾಳಿಯ ದಿಕ್ಕನ್ನು ಓದುವ ಹೊಣೆಯೂ ನಿಮ್ಮದೇ.

ನಿಮ್ಮ ತಂಡಕ್ಕೆ ಹೆಚ್ಚಾಗಿ ಬರುವ ಕರೆ ಊರೊಳಗೆ ದಾರಿ ತಪ್ಪಿದ ವೃದ್ಧರದ್ದಾದರೆ ಜಾಡಿನ ನಾಯಿಯನ್ನೇ ಆರಿಸಿ. ವಿಶಾಲ ಕಾಡಿನದ್ದಾದರೆ ಗಾಳಿಯ ನಾಯಿ. ಎರಡಕ್ಕೂ ಸುಮಾರು ಎರಡು ವರ್ಷಗಳ ಅಭ್ಯಾಸ ಬೇಕಾದೀತು. ಆಟಿಕೆಗಾಗಿ ಹಟ ಹಿಡಿದು ಹುಡುಕದ ಮರಿಯನ್ನು ಮಾತ್ರ ಎರಡಕ್ಕೂ ಆರಿಸಬೇಡಿ.