ಜಾತ್ರೆಯ ರಾತ್ರಿ ಡ್ರೋನ್ ಹಾರಿಸುವ ಮುಂಚೆ ಇದನ್ನು ಓದಿ

ಜಾತ್ರೆಗಳು ಶುರುವಾಗಿವೆ. ಊರಿಗೆ ಹೊರಟವರ ಬ್ಯಾಗಿನಲ್ಲಿ ಈಗ ಡ್ರೋನ್ ಇರುವುದು ಹೊಸದೇನಲ್ಲ. ದೀಪ, ಪಲ್ಲಕ್ಕಿ, ಬಾಣಬಿರುಸು ಎಲ್ಲ ಚೆನ್ನಾಗಿ ಕಾಣುವುದು ರಾತ್ರಿ ಹೊತ್ತೇ. ಹಾಗಾಗಿ ಹಾರಿಸುವುದೂ ರಾತ್ರಿಯೇ. ನಾನೂ ಹಾರಿಸಿದೆ. ನಮ್ಮ ಬೀದಿಯ ಅಜ್ಜಿಯೊಬ್ಬರ ತೋಳಿಗೆ ನಾಲ್ಕು ಹೊಲಿಗೆ ಬಿದ್ದವು. ನಿಮ್ಮಿಂದ ಯಾರಿಗೂ ಹೀಗಾಗುವುದು ಬೇಡ ಅಂತ ನಡೆದದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ.

ನಮ್ಮೂರು ತಿಪಟೂರು ಕಡೆ. ಊರ ಸುತ್ತ ತೆಂಗಿನ ತೋಟ. ಮನೆಗಳ ಹಿತ್ತಿಲಲ್ಲೂ ತೆಂಗಿನ ಮರಗಳೇ. ಜಾತ್ರೆಯ ಎರಡನೇ ದಿನ ರಾತ್ರಿ ಎಂಟೂವರೆಗೆ ಪಲ್ಲಕ್ಕಿ ಹೊರಟಿತು. ನಾನು ಮತ್ತು ಅಣ್ಣನ ಮಗ ಮನೆಯ ತಾರಸಿ ಮೇಲಿದ್ದೆವು. ಡ್ರೋನ್ ಸುಮಾರು 570 ಗ್ರಾಂ ತೂಕದ್ದು, ಸೆಕೆಂಡ್ ಹ್ಯಾಂಡ್. ಹಗಲಲ್ಲಿ ಕೆರೆ ಕಡೆ ಎಷ್ಟೋ ಸಲ ಹಾರಿಸಿದ್ದೆ. ಕೈ ಪಳಗಿದೆ ಅನ್ನುವ ಧೈರ್ಯ ಇತ್ತು.

ಮೇಲೇರಿದ ಕೂಡಲೇ ಸ್ಕ್ರೀನ್ ಮೇಲೆ ಒಂದು ಎಚ್ಚರಿಕೆ ಬಂತು. ಬೆಳಕು ಕಡಿಮೆ ಇದೆ, ಅಡೆತಡೆ ಪತ್ತೆ ಮಾಡುವ ಸೆನ್ಸರ್ ಕೆಲಸ ಮಾಡುವುದಿಲ್ಲ ಎಂದು. ಅದನ್ನು ಒತ್ತಿ ಪಕ್ಕಕ್ಕೆ ಸರಿಸಿದೆ. ನಾನು ಮಾಡಿದ ಮೊದಲ ತಪ್ಪು ಅದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮರ, ಗೋಡೆ ಎದುರಾದರೆ ಡ್ರೋನ್ ತಾನೇ ನಿಲ್ಲುತ್ತದೆ ಅಂತ ನಾವೆಲ್ಲ ನಂಬಿರುತ್ತೇವೆ. ಹವ್ಯಾಸಿಗಳ ಹತ್ತಿರ ಇರುವ ಹೆಚ್ಚಿನ ಡ್ರೋನ್‌ಗಳಲ್ಲಿ ಆ ಕೆಲಸ ಮಾಡುವುದು ಪುಟ್ಟ ಕ್ಯಾಮೆರಾಗಳು. ಕತ್ತಲಲ್ಲಿ ಅವಕ್ಕೂ ಏನೂ ಕಾಣದು. ನನ್ನ ಡ್ರೋನಿನ ಕೈಪಿಡಿಯಲ್ಲಿ 15 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಕು ಎಂದು ಬರೆದೇ ಇದೆ. ಬೀದಿಯಲ್ಲಿ ಸೀರಿಯಲ್ ಸೆಟ್ ಝಗಮಗ ಅನ್ನುತ್ತಿದ್ದರೂ ಮರದ ತುದಿಯ ಹತ್ತಿರ ಅಷ್ಟು ಬೆಳಕು ಎಲ್ಲಿರುತ್ತದೆ? ಹೊಟ್ಟೆ ಕೆಳಗಿನ ಕ್ಯಾಮೆರಾ ನೆಲವನ್ನು ನೋಡಿ ಡ್ರೋನನ್ನು ಒಂದೇ ಕಡೆ ಅಲುಗದಂತೆ ನಿಲ್ಲಿಸುತ್ತದೆ. ರಾತ್ರಿ ಅದೂ ಇಲ್ಲ. ಉಳಿಯುವುದು ಜಿಪಿಎಸ್ ಒಂದೇ. ಎದುರಿಗೆ ಮರ ಇದೆ, ತಂತಿ ಇದೆ ಅಂತ ಜಿಪಿಎಸ್‌ಗೆ ಗೊತ್ತಾಗಲ್ಲ.

ಮೊದಲು 60 ಮೀಟರ್ ಮೇಲಿಂದ ತೆಗೆದೆ. ಪಲ್ಲಕ್ಕಿ ಚಿಕ್ಕದಾಗಿ ಕಾಣುತ್ತಿತ್ತು. ಇನ್ನಷ್ಟು ಹತ್ತಿರದಿಂದ ಇರಲಿ ಅಂತ 15 ಮೀಟರಿಗೆ ಇಳಿಸಿದೆ. ಕೆಳಗೆ ಜನ. ಆಗಲೇ ದೇವಸ್ಥಾನದ ಹತ್ತಿರ ಬಾಣಬಿರುಸು ಹಚ್ಚಿದರು. ಸ್ಕ್ರೀನ್ ಒಮ್ಮೆ ಪೂರ್ತಿ ಬೆಳ್ಳಗಾಯಿತು. ತಲೆ ಎತ್ತಿ ನೋಡಿದರೆ ಡ್ರೋನ್ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಅದರ ಪುಟ್ಟ ದೀಪ ಜಾತ್ರೆಯ ನೂರಾರು ದೀಪಗಳ ನಡುವೆ ಬೆರೆತುಹೋಗಿತ್ತು. ಹುಡುಗನಿಗೆ "ನೀನು ಆಕಾಶ ನೋಡ್ತಿರು" ಅಂತ ಹೇಳಿದ್ದೆ. ಅವನೂ ನನ್ನ ಭುಜದ ಮೇಲಿಂದ ಫೋನನ್ನೇ ನೋಡುತ್ತಿದ್ದ. ಅವನದೇನೂ ತಪ್ಪಿಲ್ಲ, ಚಿಕ್ಕವನು. ಡ್ರೋನನ್ನೇ ದಿಟ್ಟಿಸುತ್ತಾ ನಿಲ್ಲುವ ದೊಡ್ಡವರೊಬ್ಬರನ್ನು ನಾನು ಜೊತೆಗೆ ಇಟ್ಟುಕೊಳ್ಳಬೇಕಿತ್ತು.

ಗಾಬರಿಯಲ್ಲಿ ರಿಟರ್ನ್ ಟು ಹೋಮ್, ಅಂದರೆ ಡ್ರೋನ್ ಹೊರಟ ಜಾಗಕ್ಕೆ ತಾನೇ ವಾಪಸ್ ಬರುವ ಬಟನ್, ಒತ್ತಿದೆ. ವಾಪಸ್ ಬರುವ ಎತ್ತರ 20 ಮೀಟರ್ ಎಂದು ಸೆಟ್ ಆಗಿತ್ತು. ಕೆರೆ ಬಯಲಿಗೆ ಅಂತ ಯಾವತ್ತೋ ಇಟ್ಟಿದ್ದೆ, ಬದಲಾಯಿಸಿರಲಿಲ್ಲ. ನಮ್ಮ ಕಡೆಯ ಹಳೇ ತೆಂಗಿನ ಮರಗಳು 20 ಮೀಟರ್ ದಾಟುತ್ತವೆ. ಡ್ರೋನ್ 20 ಮೀಟರಿಗೆ ಏರಿ ಮನೆ ಕಡೆ ನೇರವಾಗಿ ಬಂತು. ನಡುವೆ ಒಂದು ಮರ. ಗರಿಗೆ ಹೊಡೆದ ಸದ್ದು ತಾರಸಿವರೆಗೆ ಕೇಳಿಸಿತು. ಆಮೇಲೆ ಕೆಳಗೆ ಯಾರೋ ಕಿರುಚಿದರು.

ಬೆಂಡು ಬತ್ತಾಸಿನ ಅಂಗಡಿ ಮುಂದೆ ಅಜ್ಜಿ ಮೊಮ್ಮಗಳ ಕೈ ಹಿಡಿದು ನಿಂತಿದ್ದರು. ರೆಕ್ಕೆ ಇನ್ನೂ ತಿರುಗುತ್ತಿತ್ತು. ಮೊಳಕೈ ಕೆಳಗೆ ಕುಯ್ದಿತ್ತು. ಒಂದು ಗೇಣು ಈಚೆಗೆ ಬಿದ್ದಿದ್ದರೆ ಮಗುವಿನ ಮುಖ. ಅದನ್ನು ನೆನೆಸಿಕೊಂಡರೆ ಈಗಲೂ ನಿದ್ದೆ ಹತ್ತುವುದಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕಾರಿನಲ್ಲಿ ಅಜ್ಜಿ ಕೇಳಿದ್ದು ಒಂದೇ ಮಾತು. "ಏನಪ್ಪಾ ಮಗ, ದೇವ್ರು ಬರೋ ದಾರೀಲಿ ಇದನ್ಯಾಕೆ ಬಿಟ್ಟೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಪೊಲೀಸರು ಮನೆ ಮುಂದಿದ್ದರು. ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಹೇಳುತ್ತೇನೆ. ನಾಳೆ ನಿಮ್ಮನ್ನೂ ಇವನ್ನೇ ಕೇಳುತ್ತಾರೆ.

ಮೊದಲನೆಯದು, "ಇಲ್ಲಿ ಹಾರಿಸಬಹುದು ಅಂತ ಯಾರು ಹೇಳಿದರು?" ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಮ್ಮೂರು ಹಸಿರು ವಲಯ ಎಂದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ, ಅದು ನಿಜ. ಆದರೆ ನಾನು ನಕ್ಷೆ ನೋಡಿದ್ದು ಒಂದು ವಾರದ ಹಿಂದೆ. ಆ ದಿನ ಜಾತ್ರೆಗೆ ಮಂತ್ರಿಯೊಬ್ಬರು ಬರುವವರಿದ್ದರು. ಅದಕ್ಕೆ ಊರನ್ನು ತಾತ್ಕಾಲಿಕ ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಜಾಗ, ಮಾಡಿದ್ದರು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳಲ್ಲಿ ಇದಕ್ಕೆ ಅವಕಾಶ ಇದೆ. ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಜಾಗವನ್ನು ಒಮ್ಮೆಗೆ 96 ಗಂಟೆವರೆಗೆ ಕೆಂಪು ವಲಯ ಎಂದು ಘೋಷಿಸಬಹುದು. ಪ್ರತಿ ಸಲ ಹಾರಿಸುವ ಮುಂಚೆ ನಕ್ಷೆ, ಸೂಚನೆ ನೋಡುವುದು ಹಾರಿಸುವವರ ಕೆಲಸ. ಜಾತ್ರೆ, ರಥೋತ್ಸವ, ರಾಜಕೀಯ ಸಭೆ ಇದ್ದ ದಿನ ನಕ್ಷೆ ನೋಡಿ ಸುಮ್ಮನಾಗಬೇಡಿ. ಠಾಣೆಗೇ ಹೋಗಿ ಕೇಳಿ. ಹತ್ತು ನಿಮಿಷದ ಕೆಲಸ.

ಎರಡನೆಯದು, "ಯುಐಎನ್ ಎಲ್ಲಿ?" ಪ್ರತಿ ಡ್ರೋನಿಗೂ ಇರಬೇಕಾದ ನೋಂದಣಿ ಸಂಖ್ಯೆ ಅದು. ನನಗೆ ಮಾರಿದ ಅಂಗಡಿಯವರು "ಹವ್ಯಾಸಕ್ಕೆ ತಾನೇ ಸರ್, ಪೇಪರ್ ಏನೂ ಬೇಡ" ಅಂದಿದ್ದರು. ನಾನೂ ನಂಬಿದ್ದೆ. ಅರ್ಧ ಸತ್ಯ ಅಂದರೆ ಇದೇ. 2 ಕೆಜಿವರೆಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಪ್ರಮಾಣಪತ್ರ ಬೇಡ ಅಂದ ಮಾತ್ರಕ್ಕೆ ನೋಂದಣಿ ಬೇಡ ಅಂತಲ್ಲ. ಕೈ ಬದಲಾದರೆ ಅದನ್ನೂ ದಾಖಲಿಸಬೇಕು. 250 ಗ್ರಾಂ ದಾಟಿದ ಡ್ರೋನಿಗೆ ಥರ್ಡ್ ಪಾರ್ಟಿ ವಿಮೆಯೂ ಬೇಕು. ನನ್ನ ಹತ್ತಿರ ಎರಡೂ ಇರಲಿಲ್ಲ. 2022ರ ಫೆಬ್ರವರಿ 9ರಿಂದ ಹೊರದೇಶದ ಡ್ರೋನ್ ಆಮದಿಗೂ ನಿಷೇಧ ಇದೆ. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಯುಐಎನ್ ಕೇಳಿ. ಇಲ್ಲ ಅಂದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ ಅನ್ನಿ.

ಮೂರನೆಯದು ರಾತ್ರಿಯ ಮಾತು. 2018ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಹಳೇ ನಿಯಮದಲ್ಲಿ ಹಾರಾಟ ಹಗಲು ಮಾತ್ರ, ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಎಂದಿತ್ತು. 2021ರಲ್ಲಿ ಎಲ್ಲ ಸಡಿಲ ಆಗಿದೆ, ಈಗ ರಾತ್ರಿಯೂ ಪರವಾಗಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಆ ಮಾತು ನಂಬಿ ಹಾರಿಸಬೇಡಿ. ಜನರಿಗೆ, ಆಸ್ತಿಗೆ ಅಪಾಯ ಆಗುವಂತೆ ಹಾರಿಸಬಾರದು ಎಂಬ ನಿಯಮ ಈಗಲೂ ಇದೆ. ಸೆನ್ಸರ್ ಕುರುಡಾಗಿತ್ತು, ಕೆಳಗೆ ಜನ ಇದ್ದರು, ಡ್ರೋನ್ ನನ್ನ ಕಣ್ಣಿಗೇ ಕಾಣುತ್ತಿರಲಿಲ್ಲ. ಇದರಲ್ಲಿ ಅಪಾಯ ಇರಲಿಲ್ಲ ಅಂತ ನಾನು ಯಾರ ಮುಂದೆ ಹೇಳಲಿ? ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ. ಅಪಘಾತ ಆದರೆ 48 ಗಂಟೆಯೊಳಗೆ ವರದಿ ಮಾಡಬೇಕು. ಇದು ನನಗೆ ಗೊತ್ತಾಗಿದ್ದು ಠಾಣೆಯಲ್ಲಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ರಾತ್ರಿ ಆಕಾಶದಲ್ಲಿ ಗುಂಯ್ ಅನ್ನುವ ದೀಪ ಕಂಡರೆ ಈಗ ಜನ ಹೆದರುತ್ತಾರೆ. 2021ರ ಜೂನ್‌ನಲ್ಲಿ ಜಮ್ಮುವಿನ ವಾಯುನೆಲೆ ಮೇಲೆ ಡ್ರೋನಿನಿಂದ ಬಾಂಬ್ ಬಿದ್ದದ್ದೂ ರಾತ್ರಿಯೇ. 2025ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ, ಕಳ್ಳರು ಡ್ರೋನ್ ಬಿಟ್ಟು ಮನೆ ನೋಡಿಕೊಂಡು ಹೋಗುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿ, ಜನ ದೊಣ್ಣೆ ಹಿಡಿದು ರಾತ್ರಿಯೆಲ್ಲ ಕಾದರು. ನಮ್ಮೂರಲ್ಲಿ ನಾನು ಯಾರ ಮಗ ಅಂತ ಎಲ್ಲರಿಗೂ ಗೊತ್ತಿತ್ತು. ಅಷ್ಟಾದರೂ ಅವತ್ತು ನಾಲ್ಕು ಜನ ಮೈಮೇಲೆ ಬಂದರು. ಅವರ ಸಿಟ್ಟು ನ್ಯಾಯವೇ. ಗೊತ್ತಿಲ್ಲದ ಊರಲ್ಲಿ ಆಗಿದ್ದರೆ?

ಡ್ರೋನ್ ಇನ್ನೂ ಠಾಣೆಯಲ್ಲಿದೆ. ಪ್ರಕರಣ ಮುಗಿದಿಲ್ಲ. ವಾಪಸ್ ಬಂದರೂ ಅದನ್ನು ನಾನು ಹಾರಿಸಲ್ಲ. ಆಸ್ಪತ್ರೆ ಖರ್ಚು ಕೊಟ್ಟಿದ್ದೇನೆ. ಅಜ್ಜಿಯ ಮಗ ತೆಗೆದುಕೊಳ್ಳಲು ಒಪ್ಪಿರಲಿಲ್ಲ, ನಮ್ಮಪ್ಪ ಹೋಗಿ ಕೈ ಮುಗಿದು ಒಪ್ಪಿಸಿದರು. ಹೊಲಿಗೆ ಬಿಚ್ಚಿದ ದಿನ ನಾನೂ ಜೊತೆಗೆ ಹೋಗಿದ್ದೆ. ಗಾಯ ಕೂಡಿದೆ. ಬಲಗೈ ಆದ್ದರಿಂದ ಮುದ್ದೆ ತಿರುವಲು ಇನ್ನೂ ಆಗುತ್ತಿಲ್ಲವಂತೆ, ಸೊಸೆ ಮಾಡಿಕೊಡುತ್ತಿದ್ದಾರೆ. ಮುಂದಿನ ಭಾನುವಾರ ಮತ್ತೆ ಊರಿಗೆ ಹೋಗುತ್ತಿದ್ದೇನೆ, ಅವರನ್ನು ನೋಡಲು.