ಅಪರಿಚಿತ ಕೇಳುಗರ ಕಪಾಟು: ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಡು ಹುಡುಕಿದ ನಾಲ್ಕು ವರ್ಷ

ಸಾಗರದ ನಮ್ಮ ಮನೆಯಲ್ಲಿ ಜೂನ್ ಬಂತೆಂದರೆ ಸಂಜೆಯ ಹೊತ್ತು ಹೆಂಚಿನ ಮೇಲೆ ಮಳೆಯದೇ ಸದ್ದು. ಅಂಥ ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದೆ. ಹಾಡಿನ ನಡುವೆ ಹಕ್ಕಿ ಕೂಗಿತು. ಈ ಮಳೆಯಲ್ಲಿ ಯಾವ ಹಕ್ಕಿ ಎಂದು ಹೆಡ್‌ಫೋನ್ ತೆಗೆದು ಕಿಟಕಿಯತ್ತ ಕಿವಿಗೊಟ್ಟೆ. ಹೊರಗೆ ಮಳೆ ಬಿಟ್ಟು ಬೇರೇನೂ ಇಲ್ಲ. ಮತ್ತೆ ಹಾಕಿಕೊಂಡರೆ ಹಕ್ಕಿ ಅಲ್ಲೇ ಇತ್ತು, ಗಿಟಾರಿನ ತಂತಿಗಳ ಹಿಂದೆ.

ಅದು ಏಡ್ರಿಯನ್ ಲೆಂಕರ್ ಅವರ ‘ಸಾಂಗ್ಸ್’ ಆಲ್ಬಮ್‌ನ ‘ಝಾಂಬಿ ಗರ್ಲ್’. 2020ರಲ್ಲಿ ಕೊರೊನಾ ಬಂದು ಅವರ ಬಿಗ್ ಥೀಫ್ ತಂಡದ ಪ್ರವಾಸ ಅರ್ಧಕ್ಕೇ ನಿಂತಾಗ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದಲ್ಲಿ ಒಂದೇ ಕೋಣೆಯ ಮರದ ಮನೆಯೊಂದನ್ನು ಹಿಡಿದು, ಟೇಪಿನ ಮೇಲೆ ಮುದ್ರಿಸಿದ ಹನ್ನೊಂದು ಹಾಡುಗಳು ಅದರಲ್ಲಿವೆ. ಒಂದು ಗಿಟಾರ್, ಒಂದು ದನಿ, ಆ ಮನೆಯ ಸುತ್ತಲಿನ ಸದ್ದು. ಹೆಚ್ಚೂ ಕಡಿಮೆ ಅಷ್ಟೇ. ಅಷ್ಟರಲ್ಲೇ ಒಂದು ಇಡೀ ಮಳೆಗಾಲ ಕಳೆದೆ.

ಈ ಆಲ್ಬಮ್ ನನ್ನ ಕೈಗೆ ಬಂದ ದಾರಿಯ ಬಗ್ಗೆ, ಅಂದರೆ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದ ಬಗ್ಗೆ ಹೇಳಬೇಕೆಂದೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಚಿಕ್ಕವಳಿದ್ದಾಗ ಊರಿನ ಬಸ್ ನಿಲ್ದಾಣದ ಹತ್ತಿರ ಒಂದು ಕ್ಯಾಸೆಟ್ ಅಂಗಡಿಯಿತ್ತು. ಅಪ್ಪ ಸಿ. ಅಶ್ವಥ್ ಹಾಡಿದ ಶರೀಫರ ಪದಗಳ ಕ್ಯಾಸೆಟ್ ಕೊಂಡದ್ದು ಅಲ್ಲಿಯೇ. ಅಂಗಡಿಯವರು ಅದನ್ನು ಕಾಗದದಲ್ಲಿ ಸುತ್ತುತ್ತಾ, ‘ಇದು ಹಿಡಿಸಿದರೆ ಮುಂದಿನ ಸಲ ಬನ್ನಿ ಸಾರ್, ಇನ್ನೊಂದು ಎತ್ತಿಡುತ್ತೇನೆ’ ಎನ್ನುತ್ತಿದ್ದರು. ಎತ್ತಿಡುತ್ತಲೂ ಇದ್ದರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಆಮೇಲೆ ಹಾಡುಗಳೇನೋ ಮೊಬೈಲಿನಲ್ಲಿ ರಾಶಿರಾಶಿಯಾಗಿ ಸಿಕ್ಕವು, ಆದರೆ ನನಗಾಗಿ ಒಂದನ್ನು ಎತ್ತಿಡುವವರು ಇರಲಿಲ್ಲ.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಆ ಕೆಲಸವನ್ನು ಇತರ ಕೇಳುಗರು ಮಾಡುತ್ತಾರೆ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಈ ತಾಣದಲ್ಲಿ ಹಾಡುಗಾರರು ತಮ್ಮ ಆಲ್ಬಮ್‌ಗಳನ್ನು ತಾವೇ ಮಾರಾಟಕ್ಕೆ ಇಡುತ್ತಾರೆ. ಮೊದಲು ಕೇಳಿ, ಆಮೇಲೆ ಕೊಳ್ಳಬಹುದು. ಪ್ರತಿ ಆಲ್ಬಮ್‌ನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಕಾಣುತ್ತವೆ. ಕೆಲವರು ಜೊತೆಗೆ ಒಂದೆರಡು ಸಾಲು ಬರೆದು, ತಮಗೆ ಇಷ್ಟವಾದ ಹಾಡು ಯಾವುದೆಂದು ಹೇಳಿರುತ್ತಾರೆ. ಅವರ ಚಿತ್ರವನ್ನು ಒತ್ತಿದರೆ ಅವರು ಕೊಂಡ ಆಲ್ಬಮ್‌ಗಳೆಲ್ಲ ಕಪಾಟಿನಲ್ಲಿ ಜೋಡಿಸಿಟ್ಟಂತೆ ತೆರೆದುಕೊಳ್ಳುತ್ತವೆ. ಹೊಸಬರ ಮನೆಗೆ ಹೋದಾಗ ನನ್ನ ಕಣ್ಣು ಮೊದಲು ಹೋಗುವುದು ಅವರ ಪುಸ್ತಕದ ಕಪಾಟಿನ ಕಡೆಗೆ. ಇಲ್ಲಿ ಆ ಸುಖ ದಿನವೂ ಸಿಗುತ್ತದೆ.

ನಾನು ಹುಡುಕುವ ರೀತಿ ಹೀಗೆ: ನನಗೆ ತುಂಬ ಇಷ್ಟವಾದ, ಆದರೆ ಎಲ್ಲರ ಬಾಯಲ್ಲಿಲ್ಲದ ಒಂದು ಆಲ್ಬಮ್ ತೆರೆಯುತ್ತೇನೆ. ಕೊಂಡವರಲ್ಲಿ ಮನಸ್ಸಿಟ್ಟು ನಾಲ್ಕು ಮಾತು ಬರೆದವರನ್ನು ಆರಿಸಿಕೊಳ್ಳುತ್ತೇನೆ. ಅವರ ಕಪಾಟಿನಲ್ಲಿ ನನ್ನ ಬಳಿಯೂ ಇರುವ ಮೂರು ಆಲ್ಬಮ್ ಕಂಡರೆ, ನಾಲ್ಕನೆಯದನ್ನು ಕಣ್ಣುಮುಚ್ಚಿ ಕೇಳುತ್ತೇನೆ. ‘ಫೋಕ್’ (ಜನಪದ) ಎಂಬ ಗುರುತಿನಿಂದ ನೇರವಾಗಿ ಹುಡುಕಬಹುದು, ಊರಿನ ಹೆಸರಿನಿಂದಲೂ ಹುಡುಕಬಹುದು. ಆದರೆ ಆ ಗುರುತುಗಳನ್ನು ಹಾಕುವವರು ಹಾಡುಗಾರರೇ ಆದ್ದರಿಂದ ಗಿಟಾರ್ ಹಿಡಿದವರೆಲ್ಲ ಜನಪದರಾಗಿಬಿಡುತ್ತಾರೆ. ಕಪಾಟಿನ ದಾರಿಯೇ ಮೇಲು.

ಲೆಂಕರ್ ಆಲ್ಬಮ್ ಕೊಂಡ ಒಬ್ಬರ ಕಪಾಟಿನಿಂದಲೇ ನಾನು ಲ್ಯಾಂಕಮ್ ತಲುಪಿದ್ದು. ಡಬ್ಲಿನ್‌ನ ನಾಲ್ವರ ತಂಡ; ‘ಫಾಲ್ಸ್ ಲ್ಯಾಂಕಮ್’ ಅವರ 2023ರ ಆಲ್ಬಮ್. ಮೊದಲ ಹಾಡು ‘ಗೋ ಡಿಗ್ ಮೈ ಗ್ರೇವ್’ ಹಳೆಯ ಜನಪದ ಗೀತೆ. ರೇಡಿ ಪೀಟ್ ಅವರ ದನಿ ಒಂಟಿಯಾಗಿ ಶುರುವಾಗುತ್ತದೆ. ಆ ದನಿಯಲ್ಲಿ ನಯ ಮಾಡಿದ ಅಂಚೇ ಇಲ್ಲ, ಹೊಲದ ಬದುವಿನಿಂದ ಕೂಗಿದ ಹಾಗಿದೆ. ನಿಧಾನವಾಗಿ ಕೆಳಗಿನಿಂದ ಶ್ರುತಿಯೊಂದು ಏಳುತ್ತದೆ. ನಮ್ಮ ಭಜನೆ ಮನೆಯಲ್ಲಿ ಹಾರ್ಮೋನಿಯಂನ ಒಂದೇ ಸ್ವರವನ್ನು ಒತ್ತಿ ಹಿಡಿದಂತೆ, ಆದರೆ ಅದಕ್ಕಿಂತ ಹತ್ತು ಪಟ್ಟು ಭಾರ. ಸುಮಾರು ಒಂಬತ್ತು ನಿಮಿಷದ ಹಾಡಿನ ಕೊನೆಯ ಭಾಗದಲ್ಲಿ ಪದಗಳು ಮುಗಿದುಹೋಗಿ, ಗುದ್ದಿದಂಥ ಸದ್ದಿನ ಮೇಲೆ ಗೋಳು ಮಾತ್ರ ಉಳಿಯುತ್ತದೆ.

ಐರ್ಲೆಂಡಿನಲ್ಲಿ ಸತ್ತವರ ಎದುರು ಹೆಂಗಸರು ಹಾಡಿ ಅಳುವ ಹಳೆಯ ಪದ್ಧತಿಯೊಂದಿತ್ತು, ಆ ಭಾಗಕ್ಕೆ ಅದೇ ಪ್ರೇರಣೆ ಎಂದು ಆಮೇಲೆ ಓದಿದೆ. ಓದುವ ಮೊದಲೇ ನನಗೆ ಅದು ಗೊತ್ತಾಗಿತ್ತು. ನಮ್ಮಜ್ಜ ತೀರಿಕೊಂಡಾಗ ಅಜ್ಜಿಯ ಅಕ್ಕ ಹೊಸಿಲು ದಾಟುತ್ತಲೇ ರಾಗ ಎಳೆದು ಅಳತೊಡಗಿದ್ದರು. ಅಜ್ಜ ನೆಟ್ಟ ಮರ, ಕೊಂಡ ಎಮ್ಮೆ, ತಂದ ಸೀರೆ, ಎಲ್ಲವೂ ಆ ರಾಗದೊಳಗೆ ಬಂದಿದ್ದವು. ಡಬ್ಲಿನ್ನಿನ ಒಂದು ಹಾಡು ಮೂವತ್ತು ವರ್ಷಗಳ ನಂತರ ಆ ಜಗಲಿಗೆ ನನ್ನನ್ನು ಕರೆದುಕೊಂಡು ಹೋಯಿತು. ಆ ರಾತ್ರಿ ಆಲ್ಬಮ್‌ನ ಎರಡನೆಯ ಹಾಡಿಗೆ ಹೋಗಲು ನನ್ನಿಂದಾಗಲಿಲ್ಲ.

ಎಲ್ಲವೂ ಇಷ್ಟು ಭಾರದ್ದಲ್ಲ. ಇಂಡೀ ಪಾಪ್ ಬೇಕೆನಿಸಿದ ದಿನಗಳಿಗೆ ನ್ಯೂಜಿಲೆಂಡಿನ ಆಕ್ಲೆಂಡ್‌ನ ದ ಬೆತ್ಸ್ ತಂಡವಿದೆ. 2022ರ ‘ಎಕ್ಸ್‌ಪರ್ಟ್ ಇನ್ ಎ ಡೈಯಿಂಗ್ ಫೀಲ್ಡ್’ ಆಲ್ಬಮ್‌ನ ಶೀರ್ಷಿಕೆ ಗೀತೆ ಕೇಳುವುದಕ್ಕೆ ಓಡುವ ಹಾಡು, ಒಳಗೆ ಕೇಳುವ ಪ್ರಶ್ನೆ ಮಾತ್ರ ಕಠಿಣ: ಒಬ್ಬರ ಬಗ್ಗೆ ವರ್ಷಗಟ್ಟಲೆ ಕಲಿತ ವಿದ್ಯೆಯನ್ನು, ಆ ಸಂಬಂಧ ಮುಗಿದ ಮೇಲೆ ಎಲ್ಲಿಡುವುದು? ಕೋಲ್ಕತ್ತಾದ ಪಾರೇಖ್ ಮತ್ತು ಸಿಂಗ್ ಜೋಡಿಯ ‘ಓಷನ್’ (2016) ಕೂಡ ಬೆಳಗಿನ ಕಾಫಿಯ ಹೊತ್ತಿಗೆ ಚೆನ್ನಾಗಿ ಹೊಂದುತ್ತದೆ.

ಇನ್ನು ದುಡ್ಡಿನ ವಿಚಾರ. ಡಿಜಿಟಲ್ ಆಲ್ಬಮ್‌ಗಳಿಗೆ ಸಾಮಾನ್ಯವಾಗಿ ಏಳರಿಂದ ಹತ್ತು ಡಾಲರ್ ಇರುತ್ತದೆ. ಕೆಲವರು ನಿಮಗೆ ತೋಚಿದಷ್ಟು ಕೊಡಿ ಎಂದಿರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಸಂಸ್ಥೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಶೇಕಡಾ 15. ಪಾವತಿ ಶುಲ್ಕ ಕಳೆದು ಉಳಿದದ್ದು ಹಾಡಿದವರಿಗೆ ಅಥವಾ ಅವರ ಆಲ್ಬಮ್ ಹೊರತರುವ ಕಂಪನಿಗೆ. 2020ರ ಮಾರ್ಚ್‌ನಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ಗಳಂದು ಸಂಸ್ಥೆ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ. ಇದು ಪ್ರತಿ ತಿಂಗಳೂ ಇರುವುದಿಲ್ಲ, ದಿನಾಂಕಗಳನ್ನು ಮೊದಲೇ ಪ್ರಕಟಿಸುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಂತೆ ನಡೆಯುವುದರಿಂದ ನಮ್ಮಲ್ಲಿ ಅದು ಶುರುವಾಗುವುದು ಶುಕ್ರವಾರ ಮಧ್ಯಾಹ್ನ. ಬೆಳಿಗ್ಗೆಯೇ ಕೊಂಡು ಮುಗಿಸಬೇಡಿ.

ಮೊದಲ ಖರೀದಿ ನನಗೆ ಸುಲಭವಾಗಲಿಲ್ಲ. ನನ್ನ ಬ್ಯಾಂಕಿನ ಕಾರ್ಡ್ ವಿದೇಶಿ ಪಾವತಿಯನ್ನು ಮೂರು ಸಲ ತಿರಸ್ಕರಿಸಿತು. ಶಾಖೆಗೆ ಹೋಗಿ ಕೇಳಿದರೆ, ‘ಎಂಟುನೂರು ರೂಪಾಯಿ ಕೊಟ್ಟು ಹಾಡು ಕೊಳ್ಳುತ್ತೀರಾ ಮೇಡಂ?’ ಎಂದು ಕೌಂಟರಿನಲ್ಲಿದ್ದವರು ಎರಡು ಸಲ ಕೇಳಿದರು. ಕೊನೆಗೆ ಬೆಂಗಳೂರಿನ ತಂಗಿ ತನ್ನ ಕಾರ್ಡಿನಿಂದ ಕಟ್ಟಿದಳು. ಅಂತರರಾಷ್ಟ್ರೀಯ ಪಾವತಿಗೆ ಅನುಮತಿ ಇದೆಯೇ ಎಂದು ನೀವು ಮೊದಲೇ ನೋಡಿಕೊಳ್ಳಿ.

ಕೊಂಡದ್ದು ನಿಜವಾಗಿಯೂ ನಮ್ಮದಾಗುತ್ತದೆ. ಎಂಪಿ3 ಸಾಕೆನ್ನುವವರಿಗೆ ಎಂಪಿ3. ನಾನು ಸದ್ದಿನ ವಿವರ ಕಳೆಯದ ಫ್ಲಾಕ್ ಎಂಬ ಬಗೆಯ ಫೈಲ್ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಡುತ್ತೇನೆ. ಲೆಂಕರ್ ಹಾಡಿನಲ್ಲಿ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಕಿರ್ ಸದ್ದೂ ಅದರಲ್ಲಿ ಉಳಿದಿದೆ. ಮಳೆಗಾಲದಲ್ಲಿ ನಮ್ಮಲ್ಲಿ ನೆಟ್‌ವರ್ಕ್ ಎರಡೆರಡು ದಿನ ಮಲಗುತ್ತದೆ, ಆಗ ಕೈಯಲ್ಲಿರುವ ಫೈಲೇ ಗತಿ. ಹಾಗೆ ಇಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. 2022ರಲ್ಲಿ ಬ್ಯಾಂಡ್‌ಕ್ಯಾಂಪ್ ಅನ್ನು ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, ಮರುವರ್ಷವೇ ಸಂಗೀತದ ಪರವಾನಗಿ ವ್ಯವಹಾರ ಮಾಡುವ ಸಾಂಗ್‌ಟ್ರೇಡರ್‌ಗೆ ಮಾರಿತು, ಆ ಕೈಬದಲಿನಲ್ಲಿ ಅರ್ಧದಷ್ಟು ಉದ್ಯೋಗಿಗಳು ಕೆಲಸ ಕಳೆದುಕೊಂಡರು. ಆ ಸುದ್ದಿ ಓದಿದ ದಿನ ನನಗೆ ಬಸ್ ನಿಲ್ದಾಣದ ಅಂಗಡಿಯ ಬಾಗಿಲು ನೆನಪಾಯಿತು. ಇವತ್ತಿನವರೆಗೆ ನಾನು ಪ್ರೀತಿಸುವ ಭಾಗಗಳು, ಅಂದರೆ ಕಪಾಟು, ಕೇಳುಗರ ಮಾತು, ಹಾಡುಗಾರರ ಪಾಲು, ಹಾಗೆಯೇ ಇವೆ.

ಹೊಸ ಸಿನಿಮಾ ಹಾಡು ಬೇಕಾದವರಿಗೆ, ಒತ್ತಿಬಿಟ್ಟು ದಿನವಿಡೀ ಏನಾದರೂ ಮೊಳಗುತ್ತಿರಲಿ ಎನ್ನುವವರಿಗೆ ಇದು ಸರಿಹೋಗುವುದಿಲ್ಲ. ಒಂದು ಆಲ್ಬಮ್‌ಗೆ ಮುಕ್ಕಾಲು ಗಂಟೆ ಕೊಡಬಲ್ಲವರು ಬನ್ನಿ. ನಮ್ಮ ತತ್ವಪದ ಹಾಡುವವರು, ಸೋಬಾನೆ ಹೇಳುವವರು, ಕನ್ನಡದಲ್ಲಿ ಸ್ವಂತ ಹಾಡು ಕಟ್ಟುವ ಹುಡುಗ ಹುಡುಗಿಯರು ಇಲ್ಲಿಗೆ ಬಂದರೆ ನಾನು ಮೊದಲ ದಿನವೇ ಕೊಳ್ಳುತ್ತೇನೆ.

ಕಳೆದ ಮಳೆಗಾಲ ಲ್ಯಾಂಕಮ್ ಆಲ್ಬಮ್‌ನ ಕೆಳಗೆ ನಾನೂ ಎರಡು ಸಾಲು ಬರೆದೆ. ಇಂಗ್ಲಿಷಿನಲ್ಲಿ ಶುರುಮಾಡಿ ಅಳಿಸಿ, ಕನ್ನಡದಲ್ಲೇ ಬರೆದೆ: ‘ಅಜ್ಜಿಯ ಅಕ್ಕ ಹೀಗೇ ಅಳುತ್ತಿದ್ದರು.’ ಕೆಲವು ವಾರಗಳ ನಂತರ ಐರ್ಲೆಂಡಿನ ಕೇಳುಗರೊಬ್ಬರು ನನ್ನ ಕಪಾಟನ್ನು ಅನುಸರಿಸತೊಡಗಿದರು. ಅವರ ಕಪಾಟಿನಲ್ಲಿ ಇನ್ನೂರಕ್ಕೂ ಹೆಚ್ಚು ಆಲ್ಬಮ್‌ಗಳಿವೆ. ನಾನು ಈಗ ಹದಿನೇಳನೆಯದರಲ್ಲಿದ್ದೇನೆ.