ಮೆಣಸಿನ ಸಸಿಗೆ ಕೆಮ್ಮಣ್ಣೋ, ಕೋಕೋಪೀಟೋ?

ಕಳೆದ ವರ್ಷ ಮಳೆಗಾಲದಲ್ಲಿ ಮೊಸರಿನ ಡಬ್ಬಿಗಳಲ್ಲಿ ಮೆಣಸಿನಕಾಯಿ ಬೀಜ ಹಾಕಿದ್ದೆ. ಚೆನ್ನಾಗಿಯೇ ಮೊಳೆತವು. ಐದಾರು ದಿನ ಕಳೆದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಮಲಗಿಬಿಟ್ಟಿವೆ! ಎಲೆ ಇನ್ನೂ ಹಸಿರು, ಬುಡ ಮಾತ್ರ ಕೊಳೆತು ದಾರದಷ್ಟು ಸಣ್ಣ. ಇದೇ ಬುಡ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳೆಲ್ಲ ಮಣ್ಣಲ್ಲೇ ಇರುತ್ತವೆ, ತೇವ ಜಾಸ್ತಿಯಾದರೆ ಹಬ್ಬ ಮಾಡುತ್ತವೆ. ಬಿದ್ದ ಸಸಿ ಮತ್ತೆ ಏಳುವುದಿಲ್ಲ.

ಈ ಸಲ ಒಂದೇ ಪೊಟ್ಟಣದ ಬೀಜವನ್ನು ಎರಡು ಪಾಲು ಮಾಡಿದೆ. 40 ಬೀಜ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರಕ್ಕೆ. 40 ಬೀಜ ಪ್ರೋಟ್ರೇಯಲ್ಲಿ (ಸಣ್ಣ ಗುಳಿಗಳಿರುವ ಸಸಿ ಟ್ರೇ) ಕೋಕೋಪೀಟಿಗೆ, ಅಂದರೆ ತೆಂಗಿನ ನಾರಿನ ಪುಡಿಗೆ. ಮಣ್ಣಿನಲ್ಲಿ 33 ಮೊಳೆತು 19 ಉಳಿದವು. ಕೋಕೋಪೀಟಿನಲ್ಲಿ 36 ಮೊಳೆತು 34 ಉಳಿದವು.

ಹಾಗಂತ ಕೋಕೋಪೀಟ್ ಸುಲಭ ಅಂದುಕೊಳ್ಳಬೇಡಿ. ಅದರಲ್ಲಿ ಉಪ್ಪಿನಂಶ ಇರಬಹುದು, ಒತ್ತಿ ಮಾಡಿದ ಅದರ ಇಟ್ಟಿಗೆಯನ್ನು ನೆನೆಸಿ ಎರಡು ಸಲ ತೊಳೆದೆ. ಮೇಲೆ ಒಣಗಿದಂತೆ ಕಾಣುತ್ತದೆ, ಬೆರಳಿಟ್ಟರೆ ಒಳಗೆ ಹಸಿ. ಇಲ್ಲೇ ನಾವು ಸುಮ್ನೆ ಮತ್ತೆ ನೀರು ಹಾಕುವುದು, ಅಲ್ವಾ? ಸಾರವೂ ಇಲ್ಲ. ನಾಲ್ಕು ಎಲೆ ಬರುವ ಹೊತ್ತಿಗೆ ಸಸಿಗಳು ಹಳದಿಗೆ ತಿರುಗಿದವು. ಲೀಟರ್ ನೀರಿಗೆ 1 ಗ್ರಾಂನಂತೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಕೊಟ್ಟ ಮೇಲೆ ಚೇತರಿಸಿಕೊಂಡವು. ಮಣ್ಣಿನಲ್ಲಿ ಉಳಿದ ಸಸಿಗಳಿಗೆ ಇದ್ಯಾವುದೂ ಬೇಕಾಗಲಿಲ್ಲ. ಗಟ್ಟಿಮುಟ್ಟಾಗಿ, ಕಡು ಹಸಿರಾಗಿದ್ದವು.

ಈ ರೋಗಕ್ಕೆ ಮಣ್ಣಿಗೆ ಹಾಕುವ ಮದ್ದುಗಳನ್ನೂ ಹೋಲಿಸಿದೆ. ಅಮ್ಮ ಹೇಳಿದಂತೆ ಕೆಲವು ಡಬ್ಬಿಗೆ ಒಲೆ ಬೂದಿ ಉದುರಿಸಿದೆ. ಒಂದು ದಿನ ಮೇಲ್ಮಣ್ಣು ಒಣಗಿತ್ತು, ಮಳೆ ಹನಿ ಬಿದ್ದದ್ದೇ ಬೂದಿ ಹೆಪ್ಪುಗಟ್ಟಿತು. ಸಾಯುವುದು ನಿಲ್ಲಲಿಲ್ಲ. ಆಮೇಲೆ ಹೊಸದಾಗಿ 20 ಬೀಜ ಹಾಕುವಾಗ ಟ್ರೈಕೋಡರ್ಮಾವನ್ನು (ರೋಗಾಣುಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಗೊಬ್ಬರಕ್ಕೆ ಮೊದಲೇ ಬೆರೆಸಿದೆ. ಮೇಲಿಂದ ನೀರು ಸುರಿಯದೆ ತಟ್ಟೆಯಲ್ಲಿಟ್ಟು ಕೆಳಗಿನಿಂದ ಕುಡಿಸಿದೆ. ಮೂರೇ ಸತ್ತವು. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದು ನನ್ನ ದಡ್ಡತನ. ಆದರೂ ಕೇಳಿದರೆ ನೀರು ಕುಡಿಸಿದ ರೀತಿಗೇ ಹೆಚ್ಚು ಅಂಕ ಕೊಡುತ್ತೇನೆ.

ಅಡುಗೆಮನೆ ಕಿಟಕಿಯಲ್ಲಿಟ್ಟ ಡಬ್ಬಿಗಳ ಸಸಿಗಳು ಬೆಳಕಿಗಾಗಿ ಸಪೂರವಾಗಿ ಉದ್ದವಾದವು. ಅವು ಲೆಕ್ಕಕ್ಕಿಲ್ಲ. ಟೊಮೆಟೊ ಆಗಿದ್ದರೆ ಕಾಂಡವನ್ನು ಆಳಕ್ಕೆ ನೆಟ್ಟು ಬೇರು ಬರಿಸಬಹುದಿತ್ತು. ಮೆಣಸಿಗೆ ಅಷ್ಟು ಧೈರ್ಯ ಬರಲಿಲ್ಲ.

ಮುಂದಿನ ಮಳೆಗಾಲಕ್ಕೆ ಮೆಣಸು ಪ್ರೋಟ್ರೇಯಲ್ಲೇ. ಬೇಸಿಗೆಯಲ್ಲಿ ಮಾತ್ರ ಕೆಮ್ಮಣ್ಣು, ತಟ್ಟೆ ನೀರಿನ ಜೊತೆ.